ಘಾಟಿ ಇಳಿಯುವ ಟ್ಯಾಂಕರಿನ ಬ್ರೇಕ್ ಕಾದು ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ?

ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯದಲ್ಲಿ ರಸ್ತೆ ಬದಿ ಹತ್ತು ನಿಮಿಷ ನಿಂತರೆ ಸಾಕು, ಸಕಲೇಶಪುರದ ಕಡೆಯಿಂದ ಇಳಿದು ಬರುವ ಲಾರಿಗಳಲ್ಲಿ ಯಾವುದನ್ನು ಗೇರಿನಲ್ಲಿ ಇಳಿಸಿದ್ದಾರೆ, ಯಾವುದನ್ನು ಬ್ರೇಕಿನಲ್ಲಿ ಇಳಿಸಿದ್ದಾರೆ ಎಂಬುದು ಮೂಗಿಗೇ ಗೊತ್ತಾಗುತ್ತದೆ. ಲೈನರ್ (ಚಕ್ರದ ಬ್ರೇಕ್ ಡ್ರಮ್ಮಿಗೆ ಒತ್ತಿಕೊಂಡು ಗಾಡಿ ತಡೆಯುವ ಪಟ್ಟಿ) ಸುಟ್ಟ ವಾಸನೆ ಬಂದಿತೆಂದರೆ ಆ ಗಾಡಿ ತನ್ನ ತಡೆಯುವ ಶಕ್ತಿಯ ದೊಡ್ಡ ಪಾಲನ್ನು ದಾರಿಯಲ್ಲೇ ಕಳೆದುಕೊಂಡು ಬಂದಿದೆ ಎಂದೇ ಅರ್ಥ. ಟ್ಯಾಂಕರುಗಳ ನಿರ್ವಹಣೆಯ ಕೆಲಸದಲ್ಲಿ ಹಲವು ವರ್ಷ ಕಳೆದ ಮೇಲೆ ನನಗೆ ಖಚಿತವಾಗಿರುವುದು ಒಂದೇ: ಬ್ರೇಕ್ ಕಾಯುವುದೋ ಇಲ್ಲವೋ ಎಂಬುದು ಇಳಿಜಾರಿನ ಮಧ್ಯದಲ್ಲಿ ತೀರ್ಮಾನವಾಗುವುದಿಲ್ಲ, ಶೆಡ್ಡಿನಲ್ಲಿ ಮತ್ತು ಘಾಟಿಯ ನೆತ್ತಿಯಲ್ಲಿ ತೀರ್ಮಾನವಾಗುತ್ತದೆ. ಈ ಬರಹ ಚಾಲಕರಿಗೆ ಎಷ್ಟೋ, ಗಾಡಿಯ ಮಾಲೀಕರಿಗೂ ಮೆಕ್ಯಾನಿಕ್‌ಗಳಿಗೂ ಅಷ್ಟೇ.

ಮಂಗಳೂರಿನಿಂದ ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ, ಖಾದ್ಯ ತೈಲ ಹೊತ್ತ ಟ್ಯಾಂಕರುಗಳು ಈ ಘಾಟಿಯನ್ನು ಹತ್ತುತ್ತವೆ, ಬಹುಪಾಲು ಖಾಲಿಯಾಗಿ ಇಳಿಯುತ್ತವೆ. ಆದರೆ ಹಾಲಿನ ಟ್ಯಾಂಕರು, ಎಥನಾಲ್ ಟ್ಯಾಂಕರುಗಳಂಥವು ಲೋಡ್ ಹೊತ್ತೇ ಕರಾವಳಿಯತ್ತ ಇಳಿಯುತ್ತವೆ. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಇಂಥ ಲೋಡ್ ಗಾಡಿಗಳನ್ನು ಕುರಿತದ್ದು. ಖಾಲಿ ಗಾಡಿಯ ಚಾಲಕರೂ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಪೆಟ್ರೋಲ್ ಖಾಲಿಯಾದ ಟ್ಯಾಂಕಿನೊಳಗೆ ಆವಿ ಉಳಿದಿರುತ್ತದೆ, ಬೆಂಕಿಗೆ ಆ ಆವಿಯೇ ಬೇಕಾದದ್ದು.

ಬಿಸಿ ಎಲ್ಲಿಂದ ಬರುತ್ತದೆ

ಹನ್ನೆರಡು ಚಕ್ರದ, ಲೋಡ್ ಸೇರಿ 35 ಟನ್ ತೂಗುವ ಟ್ಯಾಂಕರೊಂದು 700 ಮೀಟರ್ ಎತ್ತರದಿಂದ ಕೆಳಗಿಳಿಯುತ್ತದೆ ಎಂದುಕೊಳ್ಳೋಣ. ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 240 ಮೆಗಾಜೂಲ್. ಇನ್ನೂರು ಲೀಟರಿನ ನಾಲ್ಕು ಬ್ಯಾರಲ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಹೆಚ್ಚುಕಡಿಮೆ ಅಷ್ಟು ಶಾಖ ಬೇಕು. ಈ ಶಾಖವನ್ನು ಯಾರಾದರೂ ಹೊರಲೇಬೇಕು. ಇಂಜಿನ್ ಹೊತ್ತರೆ ಅದು ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಗಾಳಿಗೆ ಹೋಗುತ್ತದೆ. ಇಂಜಿನ್ ಹೊರದಿದ್ದರೆ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮುಗಳೇ ಹೊರಬೇಕಾಗುತ್ತದೆ.

ವೇಗದ ಲೆಕ್ಕವನ್ನೂ ನೋಡಿ. ನೂರಕ್ಕೆ ಆರರಷ್ಟು ಇಳಿಜಾರಿನಲ್ಲಿ ಅದೇ ಗಾಡಿಯನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹಿಡಿದಿಡಲು ಸುಮಾರು 170 ಕಿಲೋವ್ಯಾಟ್ ತಡೆ ಬೇಕು, 20 ಕಿ.ಮೀ. ವೇಗದಲ್ಲಾದರೆ 115 ಸಾಕು. ಒಟ್ಟು ಶಾಖ ಎರಡೂ ಸಲ ಒಂದೇ, ಆದರೆ ನಿಧಾನವಾಗಿ ಇಳಿದಾಗ ಇಂಜಿನ್ ಹೊರುವ ಪಾಲು ಹೆಚ್ಚುತ್ತದೆ ಮತ್ತು ಡ್ರಮ್ಮಿಗೆ ಆರಲು ಸಮಯ ಸಿಗುತ್ತದೆ. ಹೀಗಾಗಿ ಹತ್ತು ಕಿ.ಮೀ. ವೇಗ ಕಡಿಮೆ ಮಾಡುವುದು ಯಾವ ದುಬಾರಿ ಲೈನರಿಗಿಂತಲೂ ದೊಡ್ಡ ರಕ್ಷಣೆ.

ಡ್ರಮ್ ಕಾದಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದು, ಲೈನರಿನಲ್ಲಿರುವ ಅಂಟು ಪದಾರ್ಥ ಶಾಖಕ್ಕೆ ಕೆಟ್ಟು, ಲೈನರ್ ಡ್ರಮ್ಮಿನ ಮೇಲೆ ಹಿಡಿಯದೆ ಜಾರತೊಡಗುತ್ತದೆ. ಎರಡನೆಯದು, ಎರಕದ ಕಬ್ಬಿಣದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಆಗ ಬ್ರೇಕ್ ಚೇಂಬರಿನ (ಏರ್, ಅಂದರೆ ಒತ್ತಿ ತುಂಬಿದ ಗಾಳಿಯಿಂದ ಬ್ರೇಕ್ ಹಿಡಿಸುವ ಡಬ್ಬಿಯ) ಪುಶ್ ರಾಡ್, ಅಂದರೆ ಆ ಬಲವನ್ನು ಹೊರಕ್ಕೆ ತಳ್ಳುವ ಸರಳು, ಹೆಚ್ಚು ದೂರ ಚಲಿಸಬೇಕಾಗುತ್ತದೆ. ಲೈನರ್ ಮತ್ತು ಡ್ರಮ್ಮಿನ ನಡುವಿನ ಅಂತರ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಮೊದಲೇ ಸಡಿಲವಾಗಿದ್ದರೆ ರಾಡ್ ತನ್ನ ಕೊನೆಯನ್ನು ಮುಟ್ಟುತ್ತದೆ, ಏರ್ ಎಷ್ಟೇ ಇರಲಿ ಲೈನರಿಗೆ ಬಲ ತಲುಪುವುದಿಲ್ಲ. ಪೆಡಲ್ ಕಾಲಿಗೆ ಎಂದಿನಂತೆಯೇ ಸಿಗುತ್ತದೆ, ಮೀಟರಿನಲ್ಲಿ ಏರ್ ಸರಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. "ಇದ್ದಕ್ಕಿದ್ದಂತೆ ಬ್ರೇಕ್ ಫೇಲಾಯಿತು" ಎಂದು ನಾವು ಕೇಳುವ ಅದೆಷ್ಟೋ ಘಟನೆಗಳು ಹೀಗೆ ಹಲವು ಕಿಲೋಮೀಟರುಗಳ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಆದವು.

ಇದರ ಮೇಲೆ ಟ್ಯಾಂಕರಿನದೇ ಒಂದು ತೊಂದರೆಯಿದೆ. ಪೂರ್ತಿ ತುಂಬದ ಟ್ಯಾಂಕಿನಲ್ಲಿ ಬ್ರೇಕ್ ಒತ್ತಿದಾಗ ದ್ರವ ಮುಂದಕ್ಕೆ ನುಗ್ಗಿ, ಗಾಡಿ ನಿಧಾನವಾಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಹಿಂದಿನಿಂದ ತಳ್ಳುತ್ತದೆ. ಚಾಲಕ ಮತ್ತೆ ಒತ್ತುತ್ತಾನೆ, ಅದು ಮತ್ತೆ ತಳ್ಳುತ್ತದೆ. ಒಳಗೆ ಅಡ್ಡ ತಗಡುಗಳಿದ್ದರೂ ಅವು ಹಿಂದುಮುಂದಿನ ನೂಕನ್ನು ಕಡಿಮೆ ಮಾಡುತ್ತವೆಯೇ ಹೊರತು ತಿರುವಿನಲ್ಲಿ ಪಕ್ಕಕ್ಕೆ ಏಳುವ ಅಲೆಯನ್ನು ಹೆಚ್ಚು ತಡೆಯುವುದಿಲ್ಲ. ಆದ್ದರಿಂದ ಅರ್ಧ ಲೋಡ್ ಎಂದರೆ ಅರ್ಧ ಅಪಾಯ ಎಂದು ಎಣಿಸಬೇಡಿ. ನಿಭಾಯಿಸಲು ಅದೇ ಹೆಚ್ಚು ಕಷ್ಟ.

ಹೊರಡುವ ಮುನ್ನ ಶೆಡ್ಡಿನಲ್ಲಿ

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಹೆಚ್ಚು ಜನ ಬಿಟ್ಟುಬಿಡುವುದು ಇದನ್ನೇ.

ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಡ್ರಮ್ಮುಗಳು ತಣ್ಣಗಿರಲಿ. ಚಕ್ರಗಳಿಗೆ ಎರಡೂ ಬದಿ ಮರದ ದಿಮ್ಮಿ ಕೊಟ್ಟು, ಏರ್ ಪೂರ್ತಿ ತುಂಬಿಸಿ, ಇಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಡಿ. ಒಬ್ಬರು ಕ್ಯಾಬಿನ್ನಿನಲ್ಲಿ ಪೆಡಲ್ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಸುತ್ತ ನಡೆದು ಏರ್ ಸೋರುವ ಸದ್ದಿಗೆ ಕಿವಿಗೊಡಲಿ. ಒತ್ತಿದ ಕ್ಷಣದ ಮೊದಲ ಇಳಿತವನ್ನು ಬಿಟ್ಟು, ಆಮೇಲಿನ ಒಂದು ನಿಮಿಷದಲ್ಲಿ ಮೀಟರಿನ ಸೂಜಿ 0.2 ಬಾರ್‌ಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ ಎಂದು ತಿಳಿಯಿರಿ. ಟ್ರೇಲರ್ ಜೋಡಿಸಿದ ಗಾಡಿಯಲ್ಲಿ ಸುಮಾರು 0.3ರವರೆಗೆ ಒಪ್ಪಬಹುದು. ಏರ್ ಟ್ಯಾಂಕುಗಳ ಡ್ರೈನ್ ತೆರೆದು ನೀರು ಬಿಡುವುದನ್ನು ಮಲೆನಾಡಿನ ದಾರಿಯಲ್ಲಿ ಓಡಾಡುವವರು ದಿನದ ಅಭ್ಯಾಸವಾಗಿ ಮಾಡಿಕೊಳ್ಳಬೇಕು.

ಆಮೇಲೆ ಪುಶ್ ರಾಡ್ ಅಳತೆ. ಬ್ರೇಕ್ ಬಿಟ್ಟಿರುವಾಗ ಪ್ರತಿ ಚೇಂಬರಿನ ಬಾಯಿಯ ಬಳಿ ರಾಡಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಏರ್ 6 ಬಾರ್‌ಗಿಂತ ಸ್ವಲ್ಪ ಮೇಲಿರುವಾಗ ಪೆಡಲನ್ನು ಪೂರ್ತಿ ಒತ್ತಿಸಿ, ಗೆರೆ ಎಷ್ಟು ಹೊರಗೆ ಬಂದಿತೆಂದು ಅಳೆಯಿರಿ. ಲಾರಿಗಳಲ್ಲಿ ಸಾಮಾನ್ಯವಾದ 30ರ ಅಳತೆಯ ಚೇಂಬರಿನಲ್ಲಿ ಅದು 50 ಮಿಲಿಮೀಟರ್ ದಾಟಬಾರದು. 24ರ ಅಳತೆಯದರಲ್ಲಿ 44 ಮಿಲಿಮೀಟರ್. ಚೇಂಬರಿನ ಅಳತೆ ಅದರ ಮೈಮೇಲೆ ಅಥವಾ ಬಿಗಿಪಟ್ಟಿಯ ಮೇಲೆ ಇರುತ್ತದೆ. ಒಂದೇ ಆಕ್ಸಲಿನ ಎಡ, ಬಲ ಚಕ್ರಗಳ ಅಳತೆ ಹತ್ತಿರ ಹತ್ತಿರ ಇರಬೇಕು. ಇಲ್ಲದಿದ್ದರೆ ಒಂದು ಚಕ್ರ ದುಡಿಯುತ್ತಿದೆ, ಇನ್ನೊಂದು ಸುಮ್ಮನೆ ಉರುಳುತ್ತಿದೆ. ಅಳತೆ ಮೀರಿದ ಕಡೆ, ಕೈಯಿಂದ ಬಿಗಿಯುವ ಸ್ಲ್ಯಾಕ್ ಆಗಿದ್ದರೆ ಸರಿಪಡಿಸಿ ಮತ್ತೆ ಅಳೆಯಿರಿ. ತಾನೇ ಬಿಗಿದುಕೊಳ್ಳುವ ಸ್ಲ್ಯಾಕ್ ಆಗಿದ್ದರೆ ಸ್ಪ್ಯಾನರ್ ಹಾಕಿ ತಿರುಗಿಸಿ ಕೈತೊಳೆದುಕೊಳ್ಳಬೇಡಿ: ಅದು ತನ್ನ ಕೆಲಸ ತಾನು ಮಾಡುತ್ತಿಲ್ಲ ಎಂದರೆ ಅದರೊಳಗೋ, ತಿರುಗಿ ಲೈನರನ್ನು ಡ್ರಮ್ಮಿಗೆ ಒತ್ತುವ ಕ್ಯಾಮ್ ಶಾಫ್ಟಿನ ಬುಷ್‌ನಲ್ಲೋ ದೋಷವಿದೆ, ಎರಡು ಟ್ರಿಪ್ಪಿನಲ್ಲಿ ಮತ್ತೆ ಸಡಿಲವಾಗುತ್ತದೆ. ಹಾಗೆಯೇ, ಡ್ರಮ್ ಬಿಸಿಯಾಗಿರುವಾಗ ಎಂದೂ ಸ್ಲ್ಯಾಕ್ ಬಿಗಿಯಬಾರದು. ಹಿಗ್ಗಿದ ಡ್ರಮ್ಮಿಗೆ ಹೊಂದಿಸಿ ಬಿಗಿದರೆ, ಅದು ಆರಿ ಕುಗ್ಗಿದಾಗ ಲೈನರ್ ಉಜ್ಜಿಕೊಂಡೇ ಓಡುತ್ತದೆ. ಆಮೇಲೆ ಸಮತಟ್ಟಾದ ರಸ್ತೆಯಲ್ಲೂ ಬ್ರೇಕ್ ಕಾಯುತ್ತದೆ.

ಲೈನರಿನ ಅಂಚಿನಲ್ಲಿರುವ ಸವೆತದ ಗುರುತನ್ನು ನೋಡಿ. ರಿವೆಟ್ ತಲೆ ಡ್ರಮ್ಮಿಗೆ ತಾಗುವವರೆಗೆ ಕಾಯುವುದು ಉಳಿತಾಯವಲ್ಲ. ಒಂದು ಚಕ್ರಕ್ಕೆ ಒಂದು ಕಂಪನಿಯ, ಎದುರು ಚಕ್ರಕ್ಕೆ ಇನ್ನೊಂದು ಕಂಪನಿಯ ಲೈನರ್ ಹಾಕಿದರೆ ಎರಡೂ ಬೇರೆ ಬೇರೆ ಬಲದಲ್ಲಿ ಹಿಡಿಯುತ್ತವೆ, ಹೆಚ್ಚು ಹಿಡಿಯುವುದು ಮೊದಲು ಸುಡುತ್ತದೆ. ಡ್ರಮ್ಮಿನ ಒಳಮೈಯಲ್ಲಿ ನೀಲಿ ಕಲೆಗಳು, ಉದ್ದನೆಯ ಬಿರುಕುಗಳು ಕಂಡರೆ ಅದು ಹಿಂದೆ ವಿಪರೀತ ಕಾದಿದೆ. ಲೇತಿನಲ್ಲಿ ಹಲವು ಸಲ ಕಡೆಸಿದ ಡ್ರಮ್ ತೆಳುವಾಗಿರುತ್ತದೆ, ಶಾಖ ಹಿಡಿದಿಟ್ಟುಕೊಳ್ಳಲು ಅದರಲ್ಲಿ ಕಬ್ಬಿಣವೇ ಸಾಲದು. ತಯಾರಕರು ಹೇಳಿದ ಗರಿಷ್ಠ ಒಳವ್ಯಾಸ ಮೀರಿದ ಡ್ರಮ್ಮನ್ನು ಗುಜರಿಗೆ ಹಾಕಬೇಕು. ಹಬ್ ಸೀಲ್ ಸೋರಿ ಗ್ರೀಸ್ ಲೈನರಿಗೆ ತಾಗಿದ್ದರೆ ಲೈನರನ್ನು ತೊಳೆದು ಮತ್ತೆ ಹಾಕಬೇಡಿ, ಬದಲಿಸಿ.

ಬೆಳಗಿನ ಹೊತ್ತು ನಡೆಯುವ ಇನ್ನೊಂದು ತಪ್ಪು ಇದೆ. ಪಾರ್ಕಿಂಗ್ ಬ್ರೇಕನ್ನು ಹಿಡಿದಿರುವುದು ಸ್ಪ್ರಿಂಗ್, ಬಿಡಿಸುವುದು ಏರ್. ಏರ್ ಪೂರ್ತಿ ತುಂಬುವ ಮೊದಲೇ ಗಾಡಿ ಎಳೆದರೆ ಸ್ಪ್ರಿಂಗ್ ಅರೆಬರೆ ಬಿಟ್ಟಿರುತ್ತದೆ, ಹಿಂದಿನ ಲೈನರುಗಳು ಉಜ್ಜಿಕೊಂಡು ಹೋಗುತ್ತವೆ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ ಚಕ್ರಗಳ ಬಳಿ ಒಮ್ಮೆ ಅಂಗೈ ಹಿಡಿದು ನೋಡಿದರೆ ಯಾವುದು ಉಜ್ಜುತ್ತಿದೆ ಎಂದು ತಿಳಿಯುತ್ತದೆ.

ಘಾಟಿಯ ನೆತ್ತಿಯಲ್ಲಿ

ಇಳಿಜಾರು ಶುರುವಾಗುವ ಮೊದಲು ನಿಲ್ಲಿಸಿ. ಶಿರಾಡಿಯಲ್ಲಾದರೆ ಸಕಲೇಶಪುರ ದಾಟುವ ಮುನ್ನವೇ ಇದಕ್ಕೊಂದು ಜಾಗ ನೋಡಿಕೊಳ್ಳುವುದು ಒಳ್ಳೆಯದು. ಐದು ನಿಮಿಷದಲ್ಲಿ ಟಯರ್, ಏರ್ ಮೀಟರ್, ಡ್ರಮ್ಮುಗಳ ಬಿಸಿ, ಎಕ್ಸಾಸ್ಟ್ ಬ್ರೇಕಿನ (ಇಂಜಿನ್ನಿನ ಹೊಗೆಯ ದಾರಿ ಮುಚ್ಚಿ ಗಾಡಿಯನ್ನು ತಡೆಯುವ ಸಾಧನದ) ಸ್ವಿಚ್ ಇಷ್ಟನ್ನು ನೋಡಿ ಮುಗಿಸಬಹುದು. ಡ್ರಮ್ಮುಗಳು ಆಗಲೇ ಬಿಸಿಯಾಗಿದ್ದರೆ ಆರಿದ ಮೇಲೆಯೇ ಇಳಿಯಿರಿ.

ಗೇರ್ ಆರಿಸಬೇಕಾದದ್ದು ಇಲ್ಲಿಯೇ. ಇದೇ ಲೋಡಿನಲ್ಲಿ ಈ ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ, ಅನುಮಾನವಿದ್ದರೆ ಅದಕ್ಕಿಂತ ಒಂದು ಕೆಳಗಿನ ಗೇರಿನಲ್ಲಿ ಇಳಿಯಿರಿ. "ಮೊದಲು ಇಳಿಯೋಣ, ವೇಗ ಹೆಚ್ಚಾದರೆ ಗೇರ್ ಇಳಿಸೋಣ" ಎಂಬ ಯೋಚನೆ ಅಪಾಯಕಾರಿ, ಏಕೆಂದರೆ ಲೋಡ್ ಗಾಡಿ ಒಮ್ಮೆ ಓಟ ಹಿಡಿದ ಮೇಲೆ ಕೆಳಗಿನ ಗೇರ್ ಬೀಳುವುದಿಲ್ಲ. ಇದ್ದ ಗೇರ್ ಬಿಡಿಸಿಕೊಂಡು, ಬೇಕಾದದ್ದು ಸಿಗದೆ, ಗಾಡಿ ನ್ಯೂಟ್ರಲ್‌ನಲ್ಲಿ ಉಳಿದುಬಿಡುತ್ತದೆ.

ನ್ಯೂಟ್ರಲ್ ವಿಷಯವನ್ನು ಒತ್ತಿ ಹೇಳಲೇಬೇಕು. ಡೀಸೆಲ್ ಉಳಿಯುತ್ತದೆ ಎಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಬಿಡುವ, ಕೆಲವರು ಇಂಜಿನ್ ಅನ್ನೇ ಆಫ್ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. 2022ರ ನವೆಂಬರ್ 20ರಂದು ಬೆಂಗಳೂರು–ಮುಂಬೈ ಹೆದ್ದಾರಿಯಲ್ಲಿ, ಪುಣೆಯ ನವಲೆ ಸೇತುವೆಯ ಬಳಿ ಇಳಿಜಾರಿನಲ್ಲಿ ಬಂದ ಲಾರಿಯೊಂದು ಹತ್ತಾರು ವಾಹನಗಳಿಗೆ ಗುದ್ದಿತು. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಲಾಗಿತ್ತು ಎಂದು ಆಗ ಪೊಲೀಸರು ಹೇಳಿದ್ದರು. ಇಂಜಿನ್ ನಿಂತರೆ ಏರ್ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ. ಇನ್ನು ಡೀಸೆಲ್ ಉಳಿತಾಯದ ಮಾತು: ಈಗಿನ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದುಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರೈಕೆಯೇ ನಿಂತುಹೋಗುತ್ತದೆ, ಚಕ್ರಗಳೇ ಇಂಜಿನ್ ಅನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ತಾನು ಓಡಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಉಳಿತಾಯವಾಗುವುದು ಗೇರಿನಲ್ಲಿ ಇಳಿದಾಗ.

ಇಳಿಯುವಾಗ

ಎಕ್ಸಾಸ್ಟ್ ಬ್ರೇಕ್ ಅಥವಾ ರಿಟಾರ್ಡರ್ (ಲೈನರ್ ಬಳಸದೆಯೇ ಗಾಡಿಯ ವೇಗ ತಡೆಯುವ ಸಾಧನ) ಇದ್ದರೆ ಇಳಿಜಾರಿನ ಮೊದಲ ಮೀಟರಿನಿಂದಲೇ ಬಳಸಿ. ಎಕ್ಸಾಸ್ಟ್ ಬ್ರೇಕ್ ಚೆನ್ನಾಗಿ ಹಿಡಿಯುವುದು ಇಂಜಿನ್ ವೇಗವಾಗಿ ತಿರುಗುತ್ತಿರುವಾಗ. ಕೆಳಗಿನ ಗೇರಿನಲ್ಲಿ ಇಂಜಿನ್ ಜೋರಾಗಿ ಸದ್ದು ಮಾಡಿದರೆ ಹೆದರಿ ಗೇರ್ ಮೇಲೇರಿಸಬೇಡಿ. ಸೂಜಿ ಕೆಂಪು ಪಟ್ಟಿಗೆ ಹೋಗದಂತೆ ನೋಡಿಕೊಂಡರೆ ಸಾಕು.

ಇಷ್ಟಾದರೂ ವೇಗ ಏರಿದಾಗ ಮಾತ್ರ ಕಾಲಿನ ಬ್ರೇಕ್. ನೀವು ನಿಗದಿ ಮಾಡಿಕೊಂಡ ವೇಗ 25 ಎಂದಿರಲಿ. ಸೂಜಿ 25 ಮುಟ್ಟಿದಾಗ ಮೂರು ನಾಲ್ಕು ಸೆಕೆಂಡು ಗಟ್ಟಿಯಾಗಿ ಒತ್ತಿ 18ಕ್ಕೆ ಇಳಿಸಿ, ಆಮೇಲೆ ಕಾಲನ್ನು ಪೂರ್ತಿ ತೆಗೆಯಿರಿ. ಮತ್ತೆ 25 ಆಗುವವರೆಗೆ ಪೆಡಲ್ ಮುಟ್ಟಬೇಡಿ. ಹಗುರವಾಗಿ ಕಾಲಿಟ್ಟುಕೊಂಡೇ ಇಳಿಯುವುದು ಮೃದುವಾಗಿ ತೋರುತ್ತದೆ, ಆದರೆ ಏರ್ ಬ್ರೇಕಿನಲ್ಲಿ ಹಗುರ ಒತ್ತಡಕ್ಕೆ ಎಲ್ಲ ಚಕ್ರಗಳೂ ಸಮನಾಗಿ ಹಿಡಿಯುವುದಿಲ್ಲ. ಕೆಲವು ಮೊದಲೇ ಹಿಡಿಯುತ್ತವೆ, ಕೆಲವು ಹಿಡಿಯುವುದೇ ಇಲ್ಲ. ಹಿಡಿದವು ಇಡೀ ಗಾಡಿಯ ಶಾಖವನ್ನು ಹೊತ್ತು ಸುಡುತ್ತವೆ. ಗಟ್ಟಿಯಾಗಿ ಒತ್ತಿದಾಗ ಕೆಲಸ ಎಲ್ಲ ಚಕ್ರಗಳಿಗೂ ಹಂಚಿಹೋಗುತ್ತದೆ. ಟ್ರೇಲರ್ ಗಾಡಿಯವರು ಕೈ ವಾಲ್ವಿನಿಂದ ಟ್ರೇಲರ್ ಬ್ರೇಕನ್ನಷ್ಟೇ ಹಿಡಿದು ಇಳಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಎಬಿಎಸ್ ಇದೆಯೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅದು ಚಕ್ರ ಕಚ್ಚಿಕೊಳ್ಳದಂತೆ ನೋಡುತ್ತದೆ, ಶಾಖ ಕಡಿಮೆ ಮಾಡುವುದಿಲ್ಲ.

ಶಿರಾಡಿಯಲ್ಲಿ ಹೆಗ್ಗದ್ದೆಯಿಂದ ಅಡ್ಡಹೊಳೆಯವರೆಗಿನ 26 ಕಿ.ಮೀ. ರಸ್ತೆಗೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಹಾಕಲಾಯಿತು. ಹೊಂಡಗಳು ಹೋಗಿದ್ದು ಒಳ್ಳೆಯದೇ, ಆದರೆ ಹೊಂಡಗಳಿದ್ದಾಗ ತಾನಾಗಿ ಇಳಿಯುತ್ತಿದ್ದ ವೇಗವನ್ನು ಈಗ ಚಾಲಕರೇ ಇಳಿಸಬೇಕು. ನೆಲ ಅಲುಗದ ಕಾರಣ ವೇಗ ಏರಿದ್ದು ಮೈಗೆ ತಿಳಿಯುವುದಿಲ್ಲ, ಮೀಟರನ್ನೇ ನಂಬಿ.

ಮಳೆಗಾಲದಲ್ಲಿ ಒಂದು ಎಚ್ಚರಿಕೆ. ಎಕ್ಸಾಸ್ಟ್ ಬ್ರೇಕ್ ಮತ್ತು ರಿಟಾರ್ಡರ್ ತಡೆಯುವುದು ಇಂಜಿನ್ ಎಳೆಯುವ ಚಕ್ರಗಳನ್ನು ಮಾತ್ರ. ಖಾಲಿ ಗಾಡಿ, ಒದ್ದೆ ರಸ್ತೆ, ತಿರುವು ಮೂರೂ ಕೂಡಿದಾಗ ಅವು ಹಿಂದಿನ ಚಕ್ರಗಳನ್ನು ಜಾರಿಸಬಲ್ಲವು. ಆಗ ರಿಟಾರ್ಡರನ್ನು ಕಡಿಮೆ ಹಂತದಲ್ಲಿಟ್ಟು, ಇನ್ನೂ ಕೆಳಗಿನ ವೇಗದಲ್ಲಿ ಇಳಿಯಬೇಕು.

ಕಾದೇಬಿಟ್ಟರೆ

ಮೊದಲ ಸೂಚನೆ ಕಾಲಿಗೆ ಸಿಗುತ್ತದೆ: ಹಿಂದಿನ ತಿರುವಿನಲ್ಲಿ ಒತ್ತಿದಷ್ಟೇ ಒತ್ತಿದರೂ ಗಾಡಿ ಅಷ್ಟು ನಿಧಾನವಾಗುವುದಿಲ್ಲ. ವಾಸನೆ ಆಮೇಲೆ, ಹೊಗೆ ಅದಕ್ಕೂ ಆಮೇಲೆ. ಮೊದಲ ಸೂಚನೆಗೇ ನಿಲ್ಲಿಸಿ. ಸಾಧ್ಯವಾದಷ್ಟು ಸಮತಟ್ಟಾದ, ಮನೆ ಅಂಗಡಿಗಳಿಲ್ಲದ ಜಾಗ ನೋಡಿ, ಗೇರಿನಲ್ಲಿ ನಿಲ್ಲಿಸಿ ಚಕ್ರಗಳಿಗೆ ದಿಮ್ಮಿ ಕೊಡಿ. ನೆಲ ಸಮವಾಗಿದ್ದು ದಿಮ್ಮಿಗಳು ಭದ್ರವಾಗಿದ್ದರೆ ಪಾರ್ಕಿಂಗ್ ಬ್ರೇಕ್ ಹಾಕದಿರುವುದು ಲೇಸು, ಏಕೆಂದರೆ ಆರುತ್ತಾ ಕುಗ್ಗುವ ಡ್ರಮ್ ಬಿಗಿದ ಲೈನರಿನ ಮೇಲೆ ಸೊಟ್ಟಗಾಗಬಹುದು, ಬಿರಿಯಬಹುದು. ಇಳಿಜಾರಿನಲ್ಲೇ ನಿಲ್ಲಬೇಕಾಗಿ ಬಂದರೆ ಡ್ರಮ್ಮಿನ ಚಿಂತೆ ಬಿಟ್ಟು ಪಾರ್ಕಿಂಗ್ ಬ್ರೇಕ್ ಹಾಕಿ.

ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ. ಕ್ಲೀನರ್ ಹುಡುಗನೊಬ್ಬ ಕೊಡದಲ್ಲಿ ನೀರು ತಂದು ಹೊಯ್ದದ್ದನ್ನು ನಾನು ಹತ್ತಿರದಲ್ಲೇ ನಿಂತು ನೋಡಿದ್ದೇನೆ: ಬುಸ್ಸೆಂದು ಬಿಳಿಯ ಆವಿ ಎದ್ದು ಅವನ ಮುಖ ಮುಚ್ಚಿತು, ಅದರೊಳಗಿನಿಂದ ಟಿಣ್ ಎಂಬ ಸಣ್ಣ ಸದ್ದು ಬಂತು. ಆವಿ ಸರಿದಾಗ ಡ್ರಮ್ಮಿನ ಅಂಚಿನಿಂದ ಒಳಕ್ಕೆ ಕೂದಲೆಳೆಯಷ್ಟು ಸಪೂರ ಗೆರೆ ಮೂಡಿತ್ತು. ಆ ಡ್ರಮ್ ಮುಂದಿನ ಇಳಿಜಾರಿನಲ್ಲಿ ಎರಡಾಗಿ ಒಡೆಯಬಹುದಿತ್ತು.

ನಿಲ್ಲಿಸಿದ ತಕ್ಷಣ ಅಪಾಯ ಕಳೆಯಿತು ಎಂದೂ ತಿಳಿಯಬೇಡಿ. ಗಾಡಿ ಓಡುವಾಗ ಬೀಸುತ್ತಿದ್ದ ಗಾಳಿ ನಿಂತು, ಡ್ರಮ್ಮಿನ ಶಾಖ ಹಬ್ಬಿನ ಗ್ರೀಸಿಗೂ ಟಯರಿಗೂ ಏರುತ್ತದೆ. ಬೆಂಕಿ ಹತ್ತುವುದು ಎಷ್ಟೋ ಸಲ ನಿಂತ ಮೇಲೆ. ಅರ್ಧ ಗಂಟೆಯಾದರೂ ಗಾಡಿಯ ಬಳಿ ಕಾವಲಿರಿ, ಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ. ಟಯರಿಗೆ ಆಗಷ್ಟೇ ಸಣ್ಣ ಬೆಂಕಿ ಹತ್ತಿದ್ದರೆ ಪುಡಿ ಹೊಡೆದು ಆರಿಸಬಹುದು, ಆದರೆ ಒಳಗಿನ ಲೋಹ ಕಾದೇ ಇರುವುದರಿಂದ ಅದು ಮತ್ತೆ ಹೊತ್ತಿಕೊಳ್ಳುತ್ತದೆ. ಅನಿಲದ ಟ್ಯಾಂಕಿಗೆ ಜ್ವಾಲೆ ತಾಗುತ್ತಿದ್ದರೆ ಆರಿಸಲು ನಿಲ್ಲಬೇಡಿ; 112ಕ್ಕೆ ಕರೆ ಮಾಡಿ, ಎರಡೂ ಕಡೆಯ ಸಂಚಾರ ತಡೆದು, ಜನರನ್ನು ಒಂದೂವರೆ ಕಿಲೋಮೀಟರಿಗೂ ಆಚೆ ಕಳುಹಿಸಿ ನೀವೂ ಹೋಗಿ.

ಬ್ರೇಕ್ ಹಿಡಿಯದೇ ಗಾಡಿ ಓಡತೊಡಗಿದರೆ ಪೆಡಲನ್ನು ಪಂಪ್ ಮಾಡಬೇಡಿ, ಪ್ರತಿ ಒತ್ತಿಗೂ ಏರ್ ಖರ್ಚಾಗುತ್ತದೆ. ಒಂದೇ ಸಮನೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಇರುವ ಗೇರನ್ನು ಬಿಡಬೇಡಿ, ಹಾರ್ನ್ ಮತ್ತು ಲೈಟ್ ಹಾಕಿಕೊಂಡೇ ಇರಿ. ಪಾರ್ಕಿಂಗ್ ಬ್ರೇಕ್ ಅದೇ ಕಾದ ಡ್ರಮ್ಮುಗಳನ್ನೇ ಹಿಡಿಯುವುದರಿಂದ ಅದರಿಂದ ಪವಾಡ ನಿರೀಕ್ಷಿಸಬೇಡಿ. ಕೊನೆಯ ದಾರಿಯಾಗಿ, ವೇಗ ಇನ್ನೂ ಕೈಮೀರದಿರುವಾಗಲೇ, ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಯ ಮಣ್ಣಿಗೆ ಗಾಡಿಯನ್ನು ಓರೆಯಾಗಿ ತಾಗಿಸಿ ಉಜ್ಜಬೇಕು.

ಇಳಿದ ಮೇಲೆ

ಘಾಟಿ ಇಳಿದು ನಿಲ್ಲಿಸಿದಾಗ ಪ್ರತಿ ಚಕ್ರದ ಬಿಸಿಯನ್ನು ನೋಡಿ ಬರೆದಿಡಿ. ದೂರದಿಂದಲೇ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಮಾಲೀಕರು ಪ್ರತಿ ಗಾಡಿಗೂ ಕೊಡಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಡ್ರಮ್ಮನ್ನು ಮುಟ್ಟದೆ ಗೇಣು ದೂರದಲ್ಲಿ ಅಂಗೈ ಹಿಡಿದರೂ ವ್ಯತ್ಯಾಸ ತಿಳಿಯುತ್ತದೆ. ಎಲ್ಲರೂ ಹುಡುಕುವುದು ಅತಿ ಬಿಸಿಯಾದ ಚಕ್ರವನ್ನು. ನಾನು ಮೊದಲು ಹುಡುಕುವುದು ತಣ್ಣಗಿರುವುದನ್ನು. ಒಮ್ಮೆ ಗುಂಡ್ಯದಲ್ಲಿ ಹಾಲಿನ ಟ್ಯಾಂಕರೊಂದರ ಹಿಂದಿನ ಬಲಗಡೆಯ ಎರಡು ಡ್ರಮ್ಮುಗಳು ಹೊಗೆಯಾಡುತ್ತಿದ್ದವು. ಚಾಲಕರು ಅವನ್ನೇ ತೋರಿಸಿ "ಈ ಲೈನರ್ ಸರಿಯಿಲ್ಲ, ಇದನ್ನೇ ಬದಲಿಸಿಕೊಡಿ ಸಾರ್" ಎಂದರು. ಎಡಗಡೆ ಹೋಗಿ ಕೈ ಹಿಡಿದರೆ ಹಿಂದಿನ ಚಕ್ರದಲ್ಲಿ ಬಿಸಿಲಿನ ಕಾವಷ್ಟೇ ಇತ್ತು. ಕೆಳಗೆ ತೂರಿ ನೋಡಿದಾಗ ಪುಶ್ ರಾಡ್ ಮತ್ತು ಸ್ಲ್ಯಾಕ್ ಸೇರುವ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಕ್ಯಾಮ್ ತಿರುಗುತ್ತಲೇ ಇರಲಿಲ್ಲ. ಹೊಗೆಯಾಡುತ್ತಿದ್ದ ಲೈನರುಗಳು ತಮ್ಮ ಪಾಲಿನ ಜೊತೆಗೆ ಅದರ ಪಾಲನ್ನೂ ಹೊತ್ತಿದ್ದವು. ಅವನ್ನಷ್ಟೇ ಬದಲಿಸಿ ಕಳುಹಿಸಿದ್ದರೆ ಹೊಸ ಲೈನರುಗಳೂ ಮುಂದಿನ ಘಾಟಿಯಲ್ಲಿ ಹಾಗೆಯೇ ಸುಡುತ್ತಿದ್ದವು.

ಆದ್ದರಿಂದ ಮೆಕ್ಯಾನಿಕ್‌ಗೆ ಚೀಟಿ ಬರೆಯುವಾಗ "ಬ್ರೇಕ್ ನೋಡಿ" ಎಂದಷ್ಟೇ ಬರೆಯದೆ, ಯಾವ ಚಕ್ರ ಎಷ್ಟು ಕಾದಿತ್ತು, ಯಾವುದು ಕಾಯಲಿಲ್ಲ, ಯಾವ ಗೇರಿನಲ್ಲಿ ಎಷ್ಟು ಲೋಡಿನಲ್ಲಿ ಇಳಿದಿರಿ ಎಂಬುದನ್ನು ಬರೆಯಿರಿ. ಮಾಲೀಕರು ಟ್ರಿಪ್ಪಿನ ಸಮಯ ಲೆಕ್ಕ ಹಾಕುವಾಗ ನೆತ್ತಿಯಲ್ಲಿ ನಿಲ್ಲುವ ಐದು ನಿಮಿಷ, 20ರ ವೇಗದಲ್ಲಿ ಇಳಿಯುವ ಹೊತ್ತು, ಬುಡದಲ್ಲಿ ಡ್ರಮ್ ಆರುವ ಅರ್ಧ ಗಂಟೆ ಇವನ್ನೂ ಸೇರಿಸಿಯೇ ಹೇಳಬೇಕು. ತಡವಾಯಿತೆಂದು ಬತ್ತೆ ಕಡಿದರೆ ಚಾಲಕರು ಮರುದಿನ ಆ ಹೊತ್ತನ್ನು ಇಳಿಜಾರಿನಲ್ಲೇ ಉಳಿಸಲು ನೋಡುತ್ತಾರೆ.